ಅವ್ವ ಕೂಗದ ಹೆಸರು

ನನಗೊಂದು ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೆತ್ತವಳ ಬಾಯಿಗೆ ದಕ್ಕದ ಹೆಸರನ್ನು ಅಚ್ಚು ಹಾಕಿಸಿ ಮೆರೆಯುವ ಆಸೆ ನನಗಿಲ್ಲ. ಓದುವವರಿಗೆ ಅದರಿಂದ ನಷ್ಟವೂ ಇಲ್ಲ. ಮಂಡ್ಯ ಸೀಮೆಯ ಕೊತ್ತತ್ತಿಯ ಕಡೆ ಯಾವ ಬೀದಿಯಲ್ಲಿ ನಿಂತು ಕೂಗಿದರೂ ನಾಲ್ಕು ಜನ ಓ ಎನ್ನುವಂಥ ಹೆಸರು ಅದು.

ಅದು ನನ್ನ ತಾತನ ಹೆಸರು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು. ಕೇಳುವುದು, ಯೋಚಿಸುವುದು, ಆರಿಸುವುದು ಏನೂ ಇಲ್ಲ. ಮಗು ಹುಟ್ಟುವುದಕ್ಕೆ ಮುಂಚೆಯೇ ಹೆಸರು ಬಂದು ಜಗುಲಿಯ ಮೇಲೆ ಕೂತಿರುತ್ತದೆ. ನನ್ನ ವಿಷಯದಲ್ಲಿ ಅದು ನಿಜವಾಗಿಯೂ ಜಗುಲಿಯ ಮೇಲೆ ಕೂತು ಎಲೆಯಡಿಕೆ ಅಗಿಯುತ್ತಿತ್ತು, ಏಕೆಂದರೆ ತಾತ ಆಗಿನ್ನೂ ಗಟ್ಟಿಮುಟ್ಟಾಗಿದ್ದ. ತನ್ನ ಹೆಸರು ಇನ್ನೊಂದು ತಲೆಮಾರು ಓಡಾಡುತ್ತದೆ ಎಂದು ಅವನಿಗೆ ಬಹಳ ಹೆಮ್ಮೆ.

ಇನ್ನೊಂದು ಪದ್ಧತಿಯೂ ಇತ್ತು. ಸೊಸೆಯಾದವಳು ಮಾವನ ಹೆಸರು ಹೇಳಬಾರದು, ಗಂಡನ ಹೆಸರೂ ಹೇಳಬಾರದು. ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದಂತೆ. ಯಾರ ಆಯುಸ್ಸು? ಗಂಡಸರದು. ಹೆಂಗಸರ ಹೆಸರನ್ನು ದಿನಕ್ಕೆ ನೂರು ಸಲ ಕೂಗಿ ಬೈದರೂ ಅವರ ಆಯುಸ್ಸಿಗೆ ಏನೂ ಆಗುವುದಿಲ್ಲ.

ಈ ಎರಡು ಪದ್ಧತಿ ಒಂದೇ ಮನೆಯಲ್ಲಿ ಕೂಡಿಕೊಂಡರೆ ಏನಾಗುತ್ತದೆ ಎಂದು ಯಾವ ಗಂಡಸೂ ಯೋಚಿಸಿದಂತೆ ಕಾಣುವುದಿಲ್ಲ. ಆದದ್ದು ಇಷ್ಟೇ: ನನ್ನನ್ನು ಹೆತ್ತವಳು ನನ್ನ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ. ಅಪ್ಪ ಕರೆಯುತ್ತಿದ್ದ, ಅಜ್ಜಿ ಗಂಡನ ಹೆಸರೆಂದು ಕರೆಯುತ್ತಿರಲಿಲ್ಲವಾದರೂ ಬೀದಿಯ ಹುಡುಗರು ಕರೆಯುತ್ತಿದ್ದರು, ಹಾದಿಯಲ್ಲಿ ಹೋಗುವ ದನದ ವ್ಯಾಪಾರಿಯೂ ಕೇಳಿ ತಿಳಿದುಕೊಂಡು ಕರೆಯಬಹುದಿತ್ತು. ಹೆತ್ತ ಅವ್ವ 'ಮಗ' ಎನ್ನಬೇಕು. ನಮ್ಮೂರಿನಲ್ಲಿ ಮಗ ಎನ್ನುವುದು ಯಾರು ಯಾರಿಗೆ ಬೇಕಾದರೂ ಹೇಳುವ ಮಾತು. ಪಕ್ಕದ ಮನೆಯ ಹುಡುಗನಿಗೂ ಮಗ, ಉಳುವ ಎತ್ತಿಗೂ ಮಗ. ನನಗೆ ಅಂತ ಅವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ.

ಅವ್ವನದು ಮಳವಳ್ಳಿ ತಾಲ್ಲೂಕು, ಬಂಡೂರಿನಿಂದ ಆಚೆ ಒಂದು ಸಣ್ಣ ಊರು. ಅವಳ ಹೆಸರೂ ಅವಳದಾಗಿ ಉಳಿಯಲಿಲ್ಲ. ತವರಿನಲ್ಲಿ ಇಟ್ಟ ಹೆಸರೂ ಅತ್ತೆಯ ಹೆಸರೂ ಒಂದೇ ಆಗಿದ್ದರಿಂದ ಮದುವೆಯ ದಿನವೇ ಅದನ್ನು ಕಿತ್ತುಕೊಂಡು ಬೇರೆ ಹೆಸರು ಕೊಟ್ಟರು. ಹೊಸ ಹೆಸರಿನಿಂದ ಕೂಗಿದಾಗ ಓಗೊಡಲಿಲ್ಲ ಎಂದು ಮೊದಲ ಎರಡು ದಿನ ಬೈಸಿಕೊಂಡಳಂತೆ. 'ನನ್ನೇ ಕೂಗ್ತಾವ್ರೆ ಅಂತ ಗೊತ್ತಾಗ್ಬ್ಯಾಡ್ವಾ' ಎಂದು ಒಮ್ಮೆ ರಾಗಿ ಬೀಸುತ್ತಾ ಹೇಳಿ ನಕ್ಕಿದ್ದಳು. ನನಗೆ ಆಗ ಅದು ತಮಾಷೆಯಾಗಿಯೇ ಕೇಳಿಸಿತ್ತು.

ಶಾಲೆಗೆ ಸೇರಿಸಲು ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. ಅಪ್ಪ ಗದ್ದೆಗೆ ನೀರು ಕಟ್ಟಲು ಹೋಗಿದ್ದ. ಮೇಷ್ಟ್ರು ದಪ್ಪ ಪುಸ್ತಕ ತೆರೆದು ಹುಡುಗನ ಹೆಸರೇನಮ್ಮಾ ಎಂದರು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನೆಲ ನೋಡಿದಳು.

'ಅವ್ರ ತಾತುಂದೇ ಮಡಗೀವಿ ಸ್ವಾಮಿ.'

'ತಾತನ ಹೆಸರೇನು?'

'ಅದ ನಾ ಯೋಳಂಗಿಲ್ಲ.'

'ಸರಿ, ತಂದೆ ಹೆಸರು ಹೇಳು.'

'ಅದ್ನೂ ಯೋಳಂಗಿಲ್ಲ ಸ್ವಾಮಿ.'

ಮೇಷ್ಟ್ರು ಲೇಖನಿ ಕೆಳಗಿಟ್ಟರು. ಕೊನೆಗೆ ನಾನೇ ಎರಡು ಹೆಸರನ್ನೂ ಹೇಳಿದೆ. ನನ್ನ ಹೆಸರಿನಲ್ಲಿ ನಾನು ಹೇಳಿದ್ದು ಸ, ಮೇಷ್ಟ್ರು ಬರೆದದ್ದು ಶ. ಮನೆಯಲ್ಲಿ ಸ ಎಂದೇ ಎಲ್ಲರೂ ಹೇಳುತ್ತಿದ್ದುದರಿಂದ ನಾನು ಹಲಗೆಯ ಮೇಲೂ ಹಾಗೇ ಬರೆದೆ, ಅದಕ್ಕೆ ಅಂಗೈ ಮೇಲೆ ಏಟು ತಿಂದೆ. ಮನೆಗೆ ಬಂದು ಶ ಎಂದರೆ ತಾತ ಸಿಡುಕುತ್ತಿದ್ದ: 'ಏನ್ಲಾ ಅದು, ಹಾವು ಬುಸುಗುಟ್ಟಂಗೆ.' ಹೀಗೆ ಶಾಲೆಗೊಂದು ಹೆಸರು, ಮನೆಗೊಂದು ಹೆಸರು. ಅವೆರಡರಲ್ಲಿ ಯಾವುದನ್ನೂ ಅವ್ವನ ಬಾಯಲ್ಲಿ ಕೇಳಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ಇರಬೇಕು, ನನಗೆ ಹತ್ತೋ ಹನ್ನೊಂದೋ. ನಾಲೆಗೆ ನೀರು ನಿಲ್ಲಿಸಿ ಹೂಳು ತೆಗೆಸಿದ್ದರು. ತಳದಲ್ಲಿ ಮೊಣಕಾಲುದ್ದ ನೀರು ಅಲ್ಲಲ್ಲಿ ನಿಂತಿತ್ತು, ಅದರಲ್ಲಿ ಮೀನೂ ಏಡಿಯೂ ಸಿಗುತ್ತಿದ್ದವು. ಗಾಡಿ ರಸ್ತೆಯ ಕೆಳಗೆ ನಾಲೆ ಹಾಯುವ ಕಡೆ ಒಂದು ಕಲ್ಲಿನ ಮೋರಿ. ಒಳಗೆ ತಂಪು, ಕತ್ತಲು, ಕಲ್ಲುಸಂದಿಯಲ್ಲಿ ದಪ್ಪ ದಪ್ಪ ಏಡಿಗಳು. ನಾವು ಏಳೆಂಟು ಹುಡುಗರು ನಾಲೆಗೆ ಇಳಿದಿದ್ದೆವು. ಮೋರಿಯ ಒಳಗೆ ಹೋದವನು ನಾನೊಬ್ಬನೇ. ಸ್ವಲ್ಪ ಮೇಲ್ಗಡೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಅವ್ವನೂ ಇದ್ದಳು.

ನೀರು ಬಿಡುವ ನೀರುಗಂಟಿಗೆ ಅವತ್ತೇ ನೀರು ಬಿಡಬೇಕೆಂದು ಅಪ್ಪಣೆಯಾಗಿತ್ತಂತೆ. ಊರಿಗೆ ಯಾರೂ ಹೇಳಿರಲಿಲ್ಲ. ಹೆಂಗಸರು ಒಗೆಯುವ ಕಲ್ಲು ಮುಳುಗುತ್ತಿರುವುದನ್ನು ನೋಡಿ ಎದ್ದು ನಿಂತರು. ಹೆಸರು ಹೇಳಬಹುದಾದವರು ತಮ್ಮ ತಮ್ಮ ಮಗನ ಹೆಸರು ಹಿಡಿದು ಕೂಗಿದರು, ಹುಡುಗರು ಒಬ್ಬೊಬ್ಬರಾಗಿ ದಡ ಹತ್ತಿದರು. ಅವ್ವ ಕೂಗಿದ್ದು 'ಲೇ ಮಗ, ಬಾರ್ಲಾ ಮಗ' ಎಂದು. ಮೋರಿಯ ಒಳಗೆ ನನಗೂ ಅದು ಕೇಳಿಸಿತ್ತು. ಯಾರೋ ಯಾರನ್ನೋ ಕೂಗುತ್ತಿದ್ದಾರೆ ಎಂದುಕೊಂಡು ಏಡಿಯ ಕೊಂಡಿ ಹಿಡಿಯುವುದರಲ್ಲೇ ಇದ್ದೆ. ಮೂರು ನಾಲ್ಕು ಸಲ ಕೂಗಿದಳಂತೆ. ನೀರು ನನ್ನ ತೊಡೆಗೆ ಬಂದಿತ್ತು. ತಣ್ಣಗಾಯಿತು ಅಂದುಕೊಂಡೆನೇ ಹೊರತು ಏರುತ್ತಿದೆ ಎಂದು ಹೊಳೆಯಲಿಲ್ಲ.

ಆಗ ನನ್ನ ಹೆಸರು ಕೇಳಿಸಿತು. ಅದೂ ಲೇ ಸೇರಿಸಿ. ಅದು ಅವ್ವನ ಗಂಟಲು. ಆ ಗಂಟಲಿನಲ್ಲಿ ಆ ಹೆಸರನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಹೆದರಿಕೆಯಿಂದಲ್ಲ, ಬರೀ ಆಶ್ಚರ್ಯದಿಂದ ಏಡಿ ಬಿಟ್ಟು ಆಚೆ ಬಂದೆ. ಅಷ್ಟರಲ್ಲಿ ದಡದುದ್ದ ಓಡಿಬಂದಿದ್ದ ಅವಳು ನನ್ನನ್ನು ಕೂದಲು ಹಿಡಿದು ಮೇಲೆಳೆದುಕೊಂಡಳು. ನಾನು ದಡದ ಮೇಲೆ ಬಿದ್ದುಕೊಂಡು ಹಿಂದಿರುಗಿ ನೋಡಿದಾಗ ಮೋರಿಯ ಬಾಯಿ ತುಂಬ ಕೆಂಪು ನೀರು ನುಗ್ಗುತ್ತಿತ್ತು. ಅವ್ವ ಅಳಲಿಲ್ಲ. 'ಅಟ್ಟೀಲಿ ಯಾರ್ಗೂ ಯೋಳ್ಬ್ಯಾಡ ಕನ್ಲಾ' ಎಂದಳು. ಮೋರಿಗೆ ಇಳಿದದ್ದನ್ನು ಹೇಳಬೇಡ ಎನ್ನುತ್ತಿದ್ದಾಳೆ ಎಂದು ನಾನು ತಿಳಿದುಕೊಂಡೆ.

ಅದನ್ನು ನಾನು ಹೇಳಲೂ ಇಲ್ಲ. ಹೇಳಿದ್ದು ಬೇರೆ. ಅವಳು ನೆನೆದ ಬಟ್ಟೆ ಹಿಂಡಿ ಬುಟ್ಟಿಗೆ ತುಂಬಿಕೊಳ್ಳುವಷ್ಟರಲ್ಲಿ ನಾನು ಮನೆಗೆ ಓಡಿದ್ದೆ. ಜಗುಲಿಯ ಮೇಲೆ ತಾತ, ಅವನ ಜೊತೆ ಕೊಪ್ಪದಿಂದ ಬಂದಿದ್ದ ಇಬ್ಬರು ನೆಂಟರು. ನನ್ನ ಅತ್ತೆಯ, ಅಂದರೆ ಅಪ್ಪನ ತಂಗಿಯ, ಸಂಬಂಧ ಕೇಳಿಕೊಂಡು ಬಂದವರು. ನಾನು ಅವರ ಮುಂದೆ ನಿಂತು, ನೀರು ತೊಟ್ಟಿಕ್ಕುತ್ತಾ, ಬಹುಮಾನ ಗೆದ್ದವನ ಹಾಗೆ ಹೇಳಿದೆ.

'ತಾತ, ಅವ್ವ ಇವತ್ತು ನನ್ ಎಸ್ರಿಡ್ದು ಕೂಗುದ್ಲು.'

ತಾತನಿಗೆ ಅರ್ಥವಾಗಲಿಲ್ಲವೋ, ಆಗದ ಹಾಗೆ ಮಾಡಿದನೋ. ನಾನು ಬಿಡಬೇಕಲ್ಲ. ಅವ್ವ ಹೇಗೆ ಕೂಗಿದಳೋ ಹಾಗೆಯೇ ಕೂಗಿ ತೋರಿಸಿದೆ. ಲೇ ಎಂದೆ, ಹೆಸರು ಹೇಳಿದೆ, ಬಾರೋ ಈಚೆಗೆ, ಸತ್ತೋಯ್ತೀಯ ಎಂದೆ. ಅದೇ ಹೆಸರಿನ ಮುದುಕ ಎದುರಿಗೆ ಕೂತಿದ್ದಾನೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ನೆಂಟರಲ್ಲಿ ಒಬ್ಬ ಅಡಿಕೆ ಉಗಿದು ನಕ್ಕ.

'ನಿಮ್ ಸೊಸೆ ಬಲೇ ಗಟ್ಟಿಗಿತ್ತಿ ಕನಪ್ಪ. ಮಗಳನ್ನೂ ಇಂಗೇ ಸಾಕಿದ್ದೀರಾ ಎಂಗೆ?'

ಅವರು ಊಟಕ್ಕೆ ನಿಲ್ಲಲಿಲ್ಲ. ಗಾಡಿ ಕಟ್ಟಿಸಿಕೊಂಡು ಹೊರಟರು. ಆ ಸಂಬಂಧ ಅಲ್ಲಿಗೇ ಮುರಿಯಿತು. ಅತ್ತೆಗೆ ಮುಂದಿನ ವರ್ಷ ಅದಕ್ಕಿಂತ ಒಳ್ಳೆಯ ಮನೆ ಸಿಕ್ಕಿತು, ಆದರೆ ಆ ದಿನ ಅದು ಯಾರಿಗೂ ಗೊತ್ತಿರಲಿಲ್ಲ.

ಅವ್ವ ಬಟ್ಟೆಯ ಬುಟ್ಟಿ ಹೊತ್ತು ಹಿತ್ತಲಿನಿಂದ ಒಳಗೆ ಬಂದಾಗ ಅಜ್ಜಿ ಒಲೆಯ ಮುಂದೆ ಕೂತಾಗಿತ್ತು. ಅವತ್ತಿನಿಂದ ತಾತ ಅವ್ವನ ಕೈಯ ಅಡಿಗೆ ಮುಟ್ಟಲಿಲ್ಲ, ಅವಳು ಕೊಟ್ಟ ನೀರೂ ಕುಡಿಯಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಅವ್ವ ಉತ್ತರ ಕೊಡುತ್ತಿದ್ದಳು, ಅವಳೇನು ಬಾಯಿ ಸತ್ತವಳಲ್ಲ. ಅಜ್ಜಿಗೆ ಒಂದು ಸಲ ಹೇಳಿದಳು: 'ನೀರು ಬಂದಿತ್ತು ಕನತ್ತೆ. ನಮ್ ಐದ ಮೋರಿ ಒಳಗಿದ್ದ. ಇನ್ನೇನ್ ಅಂತ ಕೂಗ್ಲಿ?' ಅಜ್ಜಿ ಮುದ್ದೆ ತಿರುವುತ್ತಾ ಅಂದಳು: 'ಓಗಿ ಕೈ ಇಡ್ದು ಎಳ್ಕಬೇಕಾಗಿತ್ತು.' ಅಷ್ಟು ದೂರದಿಂದ ಹೇಗೆ ಎಳೆದುಕೊಳ್ಳುವುದು ಎಂದು ಕೇಳುವವರಿರಲಿಲ್ಲ. ಬದುಕಿ ಬಂದ ನನ್ನ ತಲೆ ಸವರಿ ಸದ್ಯ ಉಳಿದೆಯಲ್ಲ ಎಂದವರೂ ಆ ಮನೆಯಲ್ಲಿ ಒಬ್ಬರಿರಲಿಲ್ಲ.

ನಾಲ್ಕನೆಯ ದಿನ ಕುಲದ ಯಜಮಾನರು ಬಂದು ತೀರ್ಮಾನ ಹೇಳಿದರು. ನಾಲಿಗೆ ಶುದ್ಧಿಯಾಗಬೇಕು. ಬೆಳಿಗ್ಗೆ ಅಂಗಳ ಸಾರಿಸಿ ಅವ್ವನನ್ನು ಮೂಡಲಿಗೆ ಮುಖ ಮಾಡಿ ಕೂರಿಸಿದರು. ಅಜ್ಜಿ ತನ್ನ ಮೂಗುತಿ ಬಿಚ್ಚಿ ಕೊಟ್ಟಳು. ಅದನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ಕಾಯಿಸಿದರು. ಗಾಳಿಗೆ ದೀಪ ಆರದ ಹಾಗೆ ಎರಡು ಕೈ ಅಡ್ಡ ಹಿಡಿದುಕೊಂಡು ಕೂತಿದ್ದವನು ನನ್ನ ಅಪ್ಪ. ಅವ್ವ ಕಣ್ಣು ಮುಚ್ಚಿ ನಾಲಿಗೆ ಚಾಚಿದಳು. ಚುರ್ ಎಂದದ್ದು ನನಗೆ ಕೇಳಿಸಿತು. ಆಮೇಲೆ ಅವಳು ಎದ್ದು ಮಾವನ ಕಾಲಿಗೆ ಬಿದ್ದಳು, ತಾತ 'ಏಳವ್ವ' ಎಂದ. ಅವತ್ತು ಮಧ್ಯಾಹ್ನ ಅವಳು ಬಡಿಸಿದ್ದನ್ನು ಉಂಡ. ಉಪ್ಪು ಸ್ವಲ್ಪ ಮುಂದಾಗಿದೆ ಎಂದ. ಅವ್ವನಿಗೆ ವಾರದವರೆಗೆ ಉಪ್ಪೂ ಖಾರವೂ ಬಾಯಿಗೆ ಇಡಲಾಗಲಿಲ್ಲ, ರಾಗಿ ಅಂಬಲಿ ಕುಡಿದುಕೊಂಡು ಕಳೆ ಕೀಳಲು ಹೋದಳು.

ನಾನು ಅವಳ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದರೆ ನನಗೆ ಗೊತ್ತಿಲ್ಲ. ಹತ್ತು ವರ್ಷದವನಿಗೆ ಏನು ತಿಳಿಯುತ್ತದೆ ಎಂದು ಬೇರೆಯವರು ಹೇಳಿದರೆ ಚೆನ್ನ. ನನಗೆ ನಾನೇ ಹೇಳಿಕೊಂಡರೆ ಅಸಹ್ಯವಾಗುತ್ತದೆ.

ಯುದ್ಧದ ನಡುವಿನಲ್ಲಿ ಒಂದು ಸುಗ್ಗಿಯ ಹೊತ್ತಿಗೆ ತಾತ ತೀರಿಕೊಂಡ. ತಿಥಿ ಎಲ್ಲ ಮುಗಿದ ಮೇಲೆ ನಾನು ಅವ್ವನಿಗೆ ಮೆಲ್ಲಗೆ ಹೇಳಿದೆ, ಇನ್ನೇನು, ಈಗ ಕೂಗಬಹುದಲ್ಲ ಎಂದು. ಅವಳು ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

'ಬದುಕಿದ್ದಾಗ ಜಗುಲಿ ಮ್ಯಾಲಿಂದ ಮಾತ್ರ ಕೇಳುಸ್ಕತ್ತಿದ್ರು. ಈಗ ಎಲ್ಲಾ ಕಡೀಂದ್ಲೂ ಕೇಳುಸ್ಕತಾರೆ. ಓಗು ಮಗ, ಕೆಲ್ಸ ನೋಡು.'

ನಾನು ಮಂಡ್ಯದಲ್ಲಿ ಮಿಡಲ್ ಸ್ಕೂಲು ಮುಗಿಸಿ, ತರಬೇತಿ ಪಡೆದು, ಮದ್ದೂರಿನಲ್ಲಿ ಕಿರಿಯ ಮೇಷ್ಟ್ರಾದೆ. ಹಣೆಬರಹ ನೋಡಿ, ಹುಡುಗರ ಹೆಸರು ದಾಖಲೆಗೆ ಬರೆಯುವ ಕೆಲಸ ನನ್ನ ತಲೆಗೇ ಬಂತು. ಪ್ರತಿ ವರ್ಷವೂ ಸೆರಗು ಬಾಯಿಗಿಟ್ಟು ನಿಲ್ಲುವ ತಾಯಂದಿರು. ಒಮ್ಮೆ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಒಬ್ಬ ಸಾಹೇಬರು ಮಗನನ್ನು ಸೇರಿಸಲು ಹೆಂಡತಿಯ ಜೊತೆ ಬಂದರು. ಹೆಸರು ಕೇಳಿದರೆ, ಅದನ್ನು ನನ್ನ ಹೆಂಡತಿ ಇಟ್ಟಿದ್ದು, ಅವಳನ್ನೇ ಕೇಳಿ ಎಂದರು. ಆ ತಾಯಿ ಬುರ್ಖಾದ ಒಳಗಿನಿಂದ ಮಗನ ಹೆಸರನ್ನು ಬಿಡಿಬಿಡಿಯಾಗಿ ಹೇಳಿ, ನಾನು ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಒಂದು ಕಡೆ ದೀರ್ಘ ಬೇಕು ಎಂದು ತಿದ್ದಿಸಿದಳು. ಹೊರಗೆ ಆಡುತ್ತಿದ್ದ ಹುಡುಗನನ್ನು ಅದೇ ಹೆಸರಿನಿಂದ ಜಗುಲಿಯೆಲ್ಲ ಕೇಳುವ ಹಾಗೆ ಕೂಗಿದಳು. ನನಗೆ ಹೊಟ್ಟೆ ಉರಿಯಿತು. ಸಾಯಂಕಾಲದವರೆಗೂ ಹುಡುಗರನ್ನು ಸುಮ್ಮಸುಮ್ಮನೆ ಗದರಿದೆ.

ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಹೆಂಡತಿಯೂ ಮಳವಳ್ಳಿ ಕಡೆಯವಳು. ಸ್ವಾತಂತ್ರ್ಯ ಬಂದ ವರ್ಷ ತವರಿನಲ್ಲಿ ಗಂಡು ಮಗು ಹೆತ್ತಳು. ನಾನೂ ಅವ್ವನೂ ಮಗು ನೋಡಲು ಮದ್ದೂರಿನಿಂದ ಮಳವಳ್ಳಿಗೆ ಹೊರಟೆವು. ಆಗಿನ್ನೂ ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದರೆ ನಿಲ್ಲುವುದು, ಕ್ಲೀನರು ಇಳಿದು ಹಿಂದಿನ ಒಲೆಗೆ ಗಾಳಿ ತಿರುವುವುದು. ಅಂಥ ಒಂದು ಏರಿನಲ್ಲಿ ಎಲ್ಲರೂ ಕೆಳಗಿಳಿದಾಗ ಅವ್ವ ನನ್ನನ್ನು ರಸ್ತೆಯ ಪಕ್ಕಕ್ಕೆ ಕರೆದಳು. ನಾಲೆಯ ದಡದ ಆ ಮಾತು ಬಿಟ್ಟರೆ ಅವಳು ನನ್ನನ್ನು ಏನನ್ನಾದರೂ ಬೇಡಿದ್ದು ಅದೊಂದೇ ಸಲ.

'ನಿಮ್ಮಪ್ಪನ ಎಸ್ರು ಮಡಗ್ಬ್ಯಾಡ ಮಗ.'

ಅಪ್ಪನ ಹೆಸರಿಡುವುದು ಎಂದು ಆಗಲೇ ಮಾತಾಗಿತ್ತು. ಮೊಮ್ಮಗನಿಗೆ ತನ್ನ ಹೆಸರು ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ.

'ಅದ್ನ ನಾನೂ ಕೂಗಂಗಿಲ್ಲ, ನಿನ್ನೆಡ್ತೀನೂ ಕೂಗಂಗಿಲ್ಲ. ನನ್ ಒಟ್ಟೆಲುಟ್ಟಿದ್ ನಿನ್ನ ಕೂಗ್ನಿಲ್ಲ. ಇದ್ನಾದ್ರೂ ಕೂಗ್ತೀನಿ. ಕಲ್ಲ ಅಂತ ಮಡಗು, ಗುಂಡ ಅಂತ ಮಡಗು. ನನ್ ಬಾಯ್ಗೆ ಬರೋ ಎಸ್ರು ಒಂದ್ ಮಡಗು.'

ಆಮೇಲೆ, ಸ್ವಲ್ಪ ನಾಚಿಕೊಂಡು, ತನ್ನ ಅಪ್ಪನ ಹೆಸರು ಹೇಳಿದಳು. ಅದನ್ನೂ ನಾನು ಮೊದಲ ಸಲ ಕೇಳುತ್ತಿದ್ದೆ. ನನ್ನ ತಾಯಿಯ ತಂದೆಯ ಹೆಸರು ಇಪ್ಪತ್ತು ವರ್ಷದ ಮೇಷ್ಟ್ರಾದ ನನಗೆ ಗೊತ್ತೇ ಇರಲಿಲ್ಲ. ಆಯ್ತು ಬುಡವ್ವ, ಅದನ್ನೇ ಇಡ್ತೀನಿ ಎಂದೆ. ಕೈ ಮೇಲೆ ಕೈ ಹಾಕಿ ಹೇಳಿದೆ. ಬಸ್ಸು ಹತ್ತಿದ ಮೇಲೆ ಅವಳು ಮಳವಳ್ಳಿಯವರೆಗೂ ಒಬ್ಬಳೇ ಏನೋ ತುಟಿ ಆಡಿಸುತ್ತಿದ್ದಳು. ಕೂಗುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

ಮೂರನೆಯ ತಿಂಗಳಿಗೆ ಮಗುವನ್ನು ಊರಿಗೆ ಕರೆತಂದು ತೊಟ್ಟಿಲಿಗೆ ಹಾಕಿದೆವು. ನಡುಮನೆಯಲ್ಲಿ ಗಂಡಸರು ಕಂಬಳಿಯ ಮೇಲೆ ಸಾಲಾಗಿ ಕೂತಿದ್ದರು. ತಾತ ಕೂರುತ್ತಿದ್ದ ಜಾಗದಲ್ಲಿ ಅಪ್ಪ, ಹೊಸ ಪಂಚೆ, ಹೊಸ ರುಮಾಲು. ಅವನ ಪಕ್ಕದಲ್ಲಿ ನನಗೆ ಜಾಗ. ಅವ್ವ ಅಡಿಗೆಮನೆಯ ಬಾಗಿಲಿಗೆ ಆತುಕೊಂಡು ತಂಬಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು. ನನ್ನ ತಂಗಿ ಮಗುವಿನ ಕಿವಿಗೆ ಹೆಸರು ಹೇಳಬೇಕಾದವಳು. ಅವಳು ತೊಟ್ಟಿಲಿಗೆ ಬಗ್ಗಿ, ಪದ್ಧತಿಯಂತೆ ನನ್ನ ಕಡೆ ತಿರುಗಿ ಕೇಳಿದಳು: 'ಏನ್ ಎಸ್ರಣ್ಣ? ಯೋಳು.'

ಅಪ್ಪ ಗದರಲಿಲ್ಲ. ನನ್ನ ಕಡೆ ನೋಡಿದ, ಅಷ್ಟೇ. ಅವನ ಕೈ ರುಮಾಲು ಸರಿಮಾಡಿಕೊಂಡಿತು. ಸಂಬಳ ತರುವ ಮಗ, ಮೇಷ್ಟ್ರು, ನಾನು ಬೇರೆ ಹೆಸರು ಹೇಳಿದ್ದರೆ ಅವನು ಏನೂ ಮಾಡುವ ಹಾಗಿರಲಿಲ್ಲ. ನಾಲ್ಕು ದಿನ ಮುಖ ಊದಿಸಿಕೊಂಡು ಆಮೇಲೆ ಸರಿಹೋಗುತ್ತಿದ್ದ. ಇದು ನನಗೆ ಆ ಹೊತ್ತಿನಲ್ಲೂ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಹೆದರಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಸಾಲಿನಲ್ಲಿ ಕೂತಿರುವುದು ನನಗೆ ಹಿತವಾಗಿತ್ತು. ಮುಂದೆ ಒಂದು ದಿನ ಇದೇ ಕಂಬಳಿಯ ಮೇಲೆ ಯಾವುದೋ ಮಗುವಿಗೆ ನನ್ನ ಹೆಸರನ್ನು ಹೀಗೆಯೇ ಹೇಳುತ್ತಾರೆ ಎಂಬ ಆಸೆ ಎದೆಯಲ್ಲಿ ಸುಳಿದು ಹೋಯಿತು.

ನಾನು ಅಪ್ಪನ ಹೆಸರು ಹೇಳಿದೆ. ಶ ಎನ್ನುವ ಕಡೆ ಶ ಎಂದು, ಸ ಎನ್ನುವ ಕಡೆ ಸ ಎಂದು, ಮೇಷ್ಟ್ರು ಹೇಳುವ ಹಾಗೆ ಸ್ಪಷ್ಟವಾಗಿ ಹೇಳಿದೆ. ಗಂಡಸರೆಲ್ಲ ಒಳ್ಳೇದಾಯ್ತು, ಒಳ್ಳೇದಾಯ್ತು ಎಂದರು. ಕೋಣೆಯೊಳಗೆ ನನ್ನ ಹೆಂಡತಿ ತಲೆ ತಗ್ಗಿಸಿದಳು. ಬಾಗಿಲ ಕಡೆ ನಾನು ನೋಡಲಿಲ್ಲ.

ಊಟಕ್ಕೆ ಎಲೆ ಹಾಕಿದರು. ಅವ್ವ ಬಡಿಸುತ್ತಾ ಬಂದಳು. ಅಪ್ಪನ ಎಲೆಗೆ ಬಡಿಸಿದಳು, ನನ್ನ ಎಲೆಯ ಮುಂದೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೂ ಕಾದೆ. ಅವಳು ತಾತನಿಗೆ ಬಡಿಸುವಾಗ ಬಗ್ಗುತ್ತಿದ್ದ ಹಾಗೆಯೇ, ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನ ಮುಖ ನೋಡದೆ ಬಗ್ಗಿದಳು.

'ನಿಮ್ಗೆ ಇನ್ನೊಸಿ ಅನ್ನ ಇಕ್ಲಾ?' ಎಂದಳು.

ಅವ್ವ ಬದುಕಿದ್ದ ತನಕ ನನ್ನನ್ನು ಹಾಗೆಯೇ ಮಾತಾಡಿಸಿದಳು.